ಜಗಲಿಯ ಮುಂಡಿಗೆಗಾಗಿ ಸಿನಿಮಾದ ಒಂದು ಫ್ರೇಮ್

(ಮೇಗರವಳ್ಳಿ ಮನೆ ಬಳಗ, ವಾಟ್ಸಾಪ್ ಗುಂಪು)

ಪ್ರಸನ್ನ: ಎಲ್ಲರಿಗೂ ನಮಸ್ಕಾರ. ವರಲೆ (ಗೆದ್ದಲು) ಹಿಡಿದು ಹಾಳಾದ ಜಗಲಿಯ ಎಡಗಡೆ ಮುಂಡಿಗೆಯ, ಅಂದರೆ ಮರದ ಕಂಬದ, ಕೆತ್ತನೆ ಹೇಗಿತ್ತೆಂದು ಮರಗೆತ್ತನೆ ಮಾಡುವ ಸಾಗರದ ಗುಡಿಗಾರರು ಕೇಳಿದ್ದಾರೆ. ನಮ್ಮ ಮನೆಯಲ್ಲಿ ಚಿತ್ರೀಕರಣವಾದ ಸಿನಿಮಾದಲ್ಲಿ ಅದು ಕಾಣುತ್ತದೆಂದು ದೊಡ್ಡಪ್ಪ ಹೇಳಿದ್ದರಿಂದ, ಡಿವಿಡಿ ಹಾಕಿ ಟಿವಿ ಪರದೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದೆ. ಅದು ಮಸುಕಾಗಿದ್ದ ಕಾರಣ ಒಂದು ಆ್ಯಪ್‌ನಲ್ಲಿ ಸ್ಪಷ್ಟಗೊಳಿಸಿ ಎರಡನ್ನೂ ಮೇಲೆ ಹಾಕಿದ್ದೇನೆ. ಎರಡನೆಯದನ್ನು ಗುಡಿಗಾರರಿಗೆ ಕಳುಹಿಸಲೇ?

ಲಲಿತತ್ತೆ: ಎರಡನೆಯದು ಬಹಳ ಚೆನ್ನಾಗಿದೆ, ಪ್ರಸನ್ನ. ತಾವರೆ ಎಸಳು ಎಸಳಾಗಿ ಕಾಣುತ್ತಿದೆ. ಇದನ್ನೇ ಗೃಹಪ್ರವೇಶದ ಆಮಂತ್ರಣದ ಮುಖಪುಟಕ್ಕೂ ಹಾಕಿಸೋಣ.

ಶ್ರೀಪಾದ: ಲಲಿತತ್ತೆ, ಚೆನ್ನಾಗಿರುವುದೇ ನನಗೆ ಅನುಮಾನ ತರುತ್ತಿದೆ. ಮೊದಲನೆಯ ಫೋಟೋದಲ್ಲಿ ಬೋದಿಗೆಯ (ಕಂಬದ ತಲೆಭಾಗದ) ಕೆಳಗೆ ಇರುವುದು ಹೂವೋ ಚಕ್ರವೋ ಎಂದು ಹೇಳಲಾಗದಷ್ಟು ಮಸುಕಿದೆ. ಎರಡನೆಯದರಲ್ಲಿ ಅದೇ ಜಾಗದಲ್ಲಿ ಎಂಟು ಎಸಳಿನ ತಾವರೆ ಅರಳಿದೆ. ಇಲ್ಲದ ವಿವರವನ್ನು ಆ್ಯಪ್ ಎಲ್ಲಿಂದ ತಂದಿತು? ತಾನು ಕಲಿತ ಅಸಂಖ್ಯ ಚಿತ್ರಗಳ ಆಧಾರದ ಮೇಲೆ ಇಲ್ಲಿ ಹೀಗಿದ್ದಿರಬಹುದೆಂದು ಅದು ಬರೆದು ತುಂಬಿದೆ. ಮದುವೆಯ ಫೋಟೋಕ್ಕಾದರೆ ಅಡ್ಡಿಯಿರಲಿಲ್ಲ, ಆದರೆ ಇದನ್ನು ನೋಡಿ ಒಬ್ಬರು ಉಳಿ ಹಿಡಿಯುತ್ತಾರೆ.

ದೊಡ್ಡಪ್ಪ: ಅದು ತಾವರೆಯೇ ಅಲ್ಲ. ಬಾಳೆಮೊಗ್ಗು, ಅದರ ಮೇಲೆ ಹಗ್ಗದ ಪಟ್ಟಿ. ನಾನು ಅದೇ ಮುಂಡಿಗೆಗೆ ಒರಗಿ ಓದಿದವನು.

ಪ್ರಸನ್ನ: ದೊಡ್ಡಪ್ಪ, ಬಲಗಡೆಯ ಮುಂಡಿಗೆಯಲ್ಲಿ ಬಾಳೆಮೊಗ್ಗಿದೆ, ಎರಡೂ ಬೇರೆ ಬೇರೆ ಇದ್ದವೆಂದು ನೀವೇ ಹೇಳಿದ್ದಿರಿ. ಶ್ರೀಪಾದಣ್ಣ, ಹಾಗಾದರೆ ಕಂಪ್ಯೂಟರಿನಲ್ಲಿ ಸಿನಿಮಾ ನಿಲ್ಲಿಸಿ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಸಾಕಲ್ಲವೇ?

ಶ್ರೀಪಾದ: ಟಿವಿಯ ಫೋಟೋಕ್ಕಿಂತ ಅದು ಮೇಲು. ನಿನ್ನ ಫೋಟೋದಲ್ಲಿ ಅಡ್ಡಡ್ಡ ಕಾಣುವ ಅಲೆಗಳು ಮುಂಡಿಗೆಯವಲ್ಲ. ಪರದೆಯ ಚುಕ್ಕಿಗಳ ಸಾಲು ಮತ್ತು ಮೊಬೈಲ್ ಕ್ಯಾಮೆರಾದ ಚುಕ್ಕಿಗಳ ಸಾಲು ಒಂದರ ಮೇಲೊಂದು ಬಿದ್ದಾಗ ಹುಟ್ಟುವ ಗೆರೆಗಳು ಅವು. ಆ ಅಲೆಗಳನ್ನೂ ಆ್ಯಪ್ ಕೆತ್ತನೆಯೆಂದೇ ಓದಿರಬೇಕು. ಆದರೆ ಪ್ರಿಂಟ್ ಸ್ಕ್ರೀನ್ ಹಿಡಿಯುವುದು ಪರದೆಯನ್ನು, ಸಿನಿಮಾವನ್ನಲ್ಲ. ನಮ್ಮ ಡಿವಿಡಿಯಲ್ಲಿರುವ ಚಿತ್ರ 720 ಚುಕ್ಕಿ ಅಗಲ, 576 ಚುಕ್ಕಿ ಎತ್ತರದ್ದು. ಪರದೆಯ ತುಂಬ ಹಿಗ್ಗಿಸಿದ ಮಾತ್ರಕ್ಕೆ ಒಂದು ಗೆರೆಯೂ ಹೆಚ್ಚಾಗುವುದಿಲ್ಲ. ಸಿನಿಮಾ ತೋರಿಸುವ ಪ್ಲೇಯರ್ ತಂತ್ರಾಂಶದಿಂದಲೇ ಆ ಫ್ರೇಮನ್ನು, ಅಂದರೆ ಸಿನಿಮಾದ ಆ ಒಂದು ಬಿಡಿ ಚಿತ್ರವನ್ನು, ಉಳಿಸಿಕೊಳ್ಳುವುದು ಸರಿಯಾದ ದಾರಿ. ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಸಿನಿಮಾ ಹಾಕು, ಜಗಲಿ ಕಾಣುವಲ್ಲಿ ನಿಲ್ಲಿಸು, ಇಂಗ್ಲಿಷಿನ ‘ಇ’ ಕೀಲಿ ಒತ್ತಿದಂತೆಲ್ಲ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ. ದಾಟಿಹೋದರೆ ಶಿಫ್ಟ್ ಹಿಡಿದು ಎಡ ಬಾಣ ಒತ್ತು, ಮೂರು ಸೆಕೆಂಡ್ ಹಿಂದಕ್ಕೆ ಬರುತ್ತದೆ. ಬೇಕಾದ ಫ್ರೇಮ್ ಸಿಕ್ಕಾಗ ಶಿಫ್ಟ್ ಮತ್ತು ‘ಎಸ್’ ಒಟ್ಟಿಗೆ ಒತ್ತಿದರೆ ಚಿತ್ರ ಪಿಕ್ಚರ್ಸ್ ಫೋಲ್ಡರಿಗೆ ಪಿಎನ್‌ಜಿ ಎಂಬ ಬಗೆಯ ಚಿತ್ರಕಡತವಾಗಿ ಹೋಗುತ್ತದೆ. ಅದನ್ನು ಜೆಪೆಗ್‌ಗೆ ಬದಲಾಯಿಸಬೇಡ, ಸಣ್ಣ ಗೆರೆಗಳ ಅಂಚು ಕೆಡುತ್ತದೆ.

ಸುಮಾ: ನಾನು ಬೆಂಗಳೂರಿನಲ್ಲಿ ಇದೇ ಸಿನಿಮಾವನ್ನು ಓಟಿಟಿಯಲ್ಲಿ ನೋಡುತ್ತ ಸ್ಕ್ರೀನ್‌ಶಾಟ್ ತೆಗೆದರೆ ಬರೀ ಕಪ್ಪು ಚೌಕ ಬಂತು. ಕಂಪ್ಯೂಟರ್ ಕೆಟ್ಟಿದೆಯೆಂದುಕೊಂಡೆ.

ಶ್ರೀಪಾದ: ಕೆಟ್ಟಿಲ್ಲ, ಸುಮಾ. ನಕಲು ತಡೆಯುವ ಸಲುವಾಗಿ ಅಲ್ಲಿ ವಿಡಿಯೋ ಸ್ಕ್ರೀನ್‌ಶಾಟಿನ ಕೈಗೆ ಸಿಗದಂತೆ ಕಾಪಾಡಿದ ಹಾದಿಯಲ್ಲಿ ಪರದೆಗೆ ಹೋಗುತ್ತದೆ. ಆ ಬೀಗ ಮುರಿಯುವ ಗೋಜು ನಮಗೆ ಬೇಡ.

ಸುಮಾ: ಬೀಗದ ಮಾತು ಬಂದದ್ದರಿಂದ ಕೇಳುತ್ತೇನೆ, ಒಂದು ಫ್ರೇಮ್ ತೆಗೆಯುವುದಾದರೂ ಕಾನೂನಿಗೆ ಸರಿಯೇ? 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಸಿನಿಮಾದ ಯಾವುದೇ ಒಂದು ದೃಶ್ಯದ ಫೋಟೋ ಕೂಡ ಆ ಸಿನಿಮಾದ ಪ್ರತಿಯೇ ಆಗುತ್ತದೆ.

ಶ್ರೀಪಾದ: ಹೌದು, ಆದರೆ ಅದೇ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ ಬಳಕೆಗೆ ಮತ್ತು ಅಧ್ಯಯನಕ್ಕೆ ನ್ಯಾಯಯುತ ಬಳಕೆಯ ಅವಕಾಶ ಕೊಟ್ಟಿದೆ. ಗುಡಿಗಾರರಿಗೆ ತೋರಿಸುವುದು ಅದರೊಳಗೆ ಬರುತ್ತದೆಂದು ನನ್ನ ತಿಳಿವಳಿಕೆ. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚುವುದು ಬೇರೆ ಮಾತು; ಅದಕ್ಕೆ ನಿರ್ಮಾಪಕರನ್ನು ಕೇಳಬೇಕು.

ಲಲಿತತ್ತೆ: ನಮ್ಮದೇ ಮನೆಯ ಜಗಲಿಗೆ ನಾವು ಇನ್ನೊಬ್ಬರನ್ನು ಕೇಳಬೇಕೇ? ಒಳ್ಳೆಯ ಕಾಲ ಬಂತು.

ಪ್ರಸನ್ನ: ಶ್ರೀಪಾದಣ್ಣ, ಹೇಳಿದಂತೆ ಮಾಡಿದೆ. ಆದರೆ ನಾಯಕ ಓಡಿ ಬರುವ ದೃಶ್ಯದಲ್ಲಿ ಮುಂಡಿಗೆಯ ಅಂಚಿನುದ್ದಕ್ಕೂ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಬಂದಿವೆ. ಅಲ್ಲದೆ ಮುಂಡಿಗೆ ತೆಳ್ಳಗೆ ಉದ್ದವಾಗಿ ಕಾಣುತ್ತದೆ.

ಶ್ರೀಪಾದ: ಆ ಹಲ್ಲುಗಳಿಗೆ ಕಾರಣವಿದೆ. ಇಂಥ ಡಿವಿಡಿಯಲ್ಲಿ ಒಂದು ಚಿತ್ರದ ಬೆಸ ಗೆರೆಗಳು ಒಂದು ಕ್ಷಣದವು, ಸಮ ಗೆರೆಗಳು ಇನ್ನೊಂದು ಕ್ಷಣದವು ಆಗಿರಬಹುದು. ನಡುವೆ ಕ್ಯಾಮೆರಾ ಅಲುಗಿದ್ದರೆ ಎರಡೂ ಹೊಂದುವುದಿಲ್ಲ. ‘ಡಿ’ ಕೀಲಿ ಒತ್ತಿದರೆ ಡಿಇಂಟರ್‌ಲೇಸ್ ಆಗುತ್ತದೆ, ಅಂದರೆ ಆ ಹಲ್ಲುಗಳು ಹೋಗುವಂತೆ ಗೆರೆಗಳನ್ನು ಹೊಂದಿಸುತ್ತದೆ. ಅದಕ್ಕಿಂತ ಒಳ್ಳೆಯದೆಂದರೆ ಓಡುವ ದೃಶ್ಯವನ್ನು ಬಿಟ್ಟುಬಿಡುವುದು, ಏಕೆಂದರೆ ಕ್ಯಾಮೆರಾ ತಿರುಗುತ್ತಿರುವಾಗ ಪ್ರತಿ ಫ್ರೇಮಿನಲ್ಲೂ ಕೆತ್ತನೆ ಒರೆಸಿಹೋಗಿರುತ್ತದೆ. ಮುದುಕ ಜಗಲಿಯಲ್ಲಿ ಕುಳಿತು ಕವಳ (ಎಲೆಯಡಿಕೆ) ಹಾಕುವ ದೃಶ್ಯದಲ್ಲಿ ಕ್ಯಾಮೆರಾ ಅಲುಗುವುದೇ ಇಲ್ಲ, ಅಲ್ಲಿ ಹುಡುಕು. ಇನ್ನು ತೆಳ್ಳಗಾಗಿದ್ದು: ಅಗಲದ ಪರದೆಗೆಂದು ಮಾಡಿದ ಡಿವಿಡಿ ಚಿತ್ರವನ್ನು ಅದುಮಿ ಇಟ್ಟಿರುತ್ತದೆ. ಎತ್ತರವನ್ನು 576ರಲ್ಲೇ ಬಿಟ್ಟು ಅಗಲವನ್ನು 1024ಕ್ಕೆ ಹಿಗ್ಗಿಸು. ಇದನ್ನು ಮರೆತರೆ ಗುಡಿಗಾರರು ಅಳತೆಯಲ್ಲೇ ದಾರಿ ತಪ್ಪುತ್ತಾರೆ.

ಹಾಗೆಯೇ ಒಂದೇ ಫ್ರೇಮ್ ಸಾಲದು, ಅದೇ ದೃಶ್ಯದಿಂದ ಅಕ್ಕಪಕ್ಕದ ಹತ್ತು ಹನ್ನೆರಡು ತೆಗೆ. ಹಳೆಯ ಫಿಲ್ಮಿನ ಕಣಗಳು ಪ್ರತಿ ಫ್ರೇಮಿನಲ್ಲೂ ಜಾಗ ಬದಲಾಯಿಸುತ್ತವೆ, ಮರದ ಕೆತ್ತನೆ ಬದಲಾಯಿಸುವುದಿಲ್ಲ. ಎಲ್ಲ ಫ್ರೇಮುಗಳಲ್ಲೂ ಒಂದೇ ಕಡೆ ಕಾಣುವ ಗೆರೆಯನ್ನು ಮಾತ್ರ ನಂಬಬಹುದು. ಚಿತ್ರ ಸ್ಪಷ್ಟವಾಗಲು ಇದಕ್ಕಿಂತ ಪ್ರಾಮಾಣಿಕವಾದ ಉಪಾಯ ನನಗೆ ಗೊತ್ತಿಲ್ಲ.

ಪ್ರಸನ್ನ: ತೆಗೆದು ನೋಡಿದೆ. ಮೇಲೆ ಹಗ್ಗದ ಪಟ್ಟಿ ಎಲ್ಲದರಲ್ಲೂ ಇದೆ, ಅಷ್ಟರಮಟ್ಟಿಗೆ ದೊಡ್ಡಪ್ಪ ಹೇಳಿದ್ದು ನಿಜ. ಅದರ ಕೆಳಗೆ ದುಂಡನೆಯ ಹೂವಿನಂಥದ್ದು, ಅಂಚಿನಲ್ಲಿ ಮಣಿಗಳ ಸಾಲು. ಎಸಳಿನ ಲೆಕ್ಕ ಮಾತ್ರ ಯಾವುದರಲ್ಲೂ ಸಿಗುತ್ತಿಲ್ಲ.

ಶ್ರೀಪಾದ: ಹಾಗಾದರೆ ಗುಡಿಗಾರರಿಗೆ ಹಾಗೆಯೇ ಬರೆದು ತಿಳಿಸು. ಹಗ್ಗದ ಪಟ್ಟಿ ಮತ್ತು ಮಣಿಸಾಲು ಖಚಿತ, ಎಸಳು ಅವರ ಕೈಗೆ ಬಿಟ್ಟದ್ದು. ಅವರಿಗೆ ಈ ಸೀಮೆಯ ಹಳೆಯ ಮನೆಗಳ ಕೆತ್ತನೆಯ ಪರಿಚಯವಿದೆ. ಊಹೆ ಮಾಡಲೇಬೇಕಾದರೆ ಆ್ಯಪ್‌ಗಿಂತ ಅವರು ಮಾಡಲಿ. ಕಳುಹಿಸುವಾಗ ಫೋಟೋ ಎಂದು ಹಾಕಬೇಡ, ವಾಟ್ಸಾಪ್ ಅದರ ಗಾತ್ರ ಇಳಿಸಿ ವಿವರ ಕೆಡಿಸುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿಕೊಂಡು ಹಾಕು.

ದೊಡ್ಡಪ್ಪ: ಹೂವೆಂದು ನಾನು ಒಪ್ಪುವುದಿಲ್ಲ, ಆದರೂ ಕಳುಹಿಸಿ. ಆ ತಾವರೆಯ ಚಿತ್ರವನ್ನು ಮಾತ್ರ ಗುಂಪಿನಿಂದ ಅಳಿಸಿಬಿಡು ಪ್ರಸನ್ನ, ಇಲ್ಲವಾದರೆ ಯಾರಾದರೂ ಅದನ್ನೇ ಗುಡಿಗಾರರಿಗೆ ದಾಟಿಸಿಯಾರು.

ಲಲಿತತ್ತೆ: ನಾನಾಗಲೇ ಶಿವಮೊಗ್ಗದ ಪ್ರೆಸ್ಸಿನವರಿಗೆ ಕಳುಹಿಸಿಯಾಯಿತು.

ಶ್ರೀಪಾದ: ಲಲಿತತ್ತೆ, ದಯವಿಟ್ಟು ಈಗಲೇ ಫೋನ್ ಮಾಡಿ ನಿಲ್ಲಿಸಿ. ಮುಖಪುಟಕ್ಕೆ ಬಲಗಡೆಯ ಮುಂಡಿಗೆಯ ಫೋಟೋವನ್ನು ನಾಳೆ ಬೆಳಗಿನ ಬೆಳಕಿನಲ್ಲಿ ನಾನೇ ತೆಗೆದು ಕೊಡುತ್ತೇನೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.