ಇನ್-ವಾಲ್ ಸ್ಪೀಕರ್: ಸೌಂಡ್ ಜಾಸ್ತಿ ಮಾಡಿದ ಕೂಡಲೇ ರಿಸೀವರ್ ಆಫ್ ಆಗ್ತಿದೆ (ಪರಿಹಾರ ಸಿಕ್ಕಿದೆ)

ತಂಬೂರಿ, ಮೈಸೂರು

ಎಲ್ಲರಿಗೂ ನಮಸ್ಕಾರ. 30×40 ಸೈಟಿನ ಮನೆ, ಮೇಲಿನ ಹಾಲ್‌ನಲ್ಲಿ ಟಿವಿ ಗೋಡೆಗೆ ಎರಡು ಇನ್-ವಾಲ್ ಸ್ಪೀಕರ್ ಹಾಕಿಸಿದೀನಿ. 6.5 ಇಂಚಿನವು, 8 ಓಮ್. ಗೋಡೆ 4 ಇಂಚಿನ ಸಾಲಿಡ್ ಬ್ಲಾಕ್, ಸ್ಪೀಕರ್‌ಗೆ ಬೇಕಾದ ಆಳ 95 ಮಿ.ಮೀ. ಕೊರೆದರೆ ಆ ಕಡೆ ಮಲಗುವ ಕೋಣೆ ಕಾಣುತ್ತೆ ಅಂತ ಮೇಸ್ತ್ರಿ ಬೇಡ ಅಂದರು. ಹಾಗಾಗಿ ಗೋಡೆ ಮುಂದೆ ಜಿ.ಐ. ಚಾನಲ್ (ತಗಡಿನ ಪಟ್ಟಿ) ನಿಲ್ಲಿಸಿ, 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಹೊಡೆಸಿ, ಅದರಲ್ಲಿ ಸ್ಪೀಕರ್ ಕೂರಿಸಿದ್ದು. ಬೋರ್ಡ್ ಹಿಂದೆ ಪೈಪ್ ಇಲ್ಲ, 1.5 ಚದರ ಮಿ.ಮೀ. ಜೋಡಿ ವೈರನ್ನೇ ಚಾನಲ್‌ಗೆ ಕಟ್ಟಿದ್ದಾರೆ. ಎಡಗಡೆಗೆ ಸುಮಾರು 5 ಮೀಟರ್. ಬಲಗಡೆಯದು ಬಾಗಿಲ ಮೇಲೆ ಹತ್ತಿ ಇಳಿಯೋದರಿಂದ 12 ಮೀಟರ್.

ಮೂರು ವಾರ ಚೆನ್ನಾಗಿತ್ತು. ಈಗ ಸೌಂಡ್ ಸ್ವಲ್ಪ ಏರಿಸಿದರೆ ರಿಸೀವರ್ (ಸ್ಪೀಕರ್ ನುಡಿಸುವ ಆಂಪ್ಲಿಫಯರ್ ಪೆಟ್ಟಿಗೆ) 'ಟಕ್' ಅಂತ ಆಫ್ ಆಗಿ 'ಪ್ರೊಟೆಕ್ಟ್' ಅಂತ, ಅಂದರೆ ಹಾಳಾಗದಿರಲು ತಾನೇ ನಿಂತೆ ಅಂತ, ತೋರಿಸುತ್ತೆ. ವಾರ್ತೆ ಕೇಳೋಕೆ ತೊಂದರೆ ಇಲ್ಲ. ಅಪ್ಪ ಬೆಳಿಗ್ಗೆ ಸಂಗೀತ ಕಛೇರಿ ಕೇಳ್ತಾರೆ, ಹಾಡೆಲ್ಲ ಸರಿಯಾಗಿ ಬಂದು ತನಿ ಆವರ್ತನ (ಮೃದಂಗ, ಘಟ ಮಾತ್ರ ನುಡಿಸುವ ಭಾಗ) ಶುರುವಾದ ತಕ್ಷಣ ನಿಂತುಹೋಗುತ್ತೆ. ಅವರು ಏನೂ ಹೇಳಲ್ಲ, ಎದ್ದು ಹೋಗಿಬಿಡ್ತಾರೆ. ಅದು ನನಗೆ ತುಂಬ ಬೇಜಾರು.

ಮಲ್ಟಿಮೀಟರ್‌ನಲ್ಲಿ ರಿಸೀವರ್ ತುದಿಯಿಂದ ನೋಡಿದೆ: ಎಡ 6.1 ಓಮ್, ಬಲ 6.3. 8 ಓಮ್ ಇರಬೇಕಲ್ವಾ? ಸ್ಪೀಕರ್ ಹೋಗಿದೆಯಾ?

ಬಡಗಿಮನೆ, ದಾವಣಗೆರೆ

ಓಮ್ ಲೆಕ್ಕ ಸರಿಯಾಗೇ ಇದೆ. 8 ಅನ್ನೋದು ಹಾಡು ನುಡಿಯುವಾಗಿನ ಇಂಪಿಡೆನ್ಸ್, ಅಂದರೆ ಏರಿಳಿಯುವ ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆ. ಮೀಟರ್ ತೋರಿಸೋದು ಕಾಯಿಲ್‌ನ ಡಿಸಿ ರೆಸಿಸ್ಟೆನ್ಸ್ (ಒಂದೇ ದಿಕ್ಕಿನ ಕರೆಂಟ್‌ಗೆ ಇರುವ ತಡೆ), ಅದು 6ರ ಆಸುಪಾಸು ಬರೋದು ಸಹಜ. ರಿಸೀವರ್ ಎಲ್ಲಿಟ್ಟಿದೀರಿ? ಬಾಗಿಲು ಮುಚ್ಚಿದ ಕಪಾಟಿನಲ್ಲಿದ್ದರೆ ಬಿಸಿಯಾಗಿಯೂ ಹೀಗೆ ಆಗುತ್ತೆ.

ಗೋಡೆ ಕೊರೆಯದೇ ಇದ್ದದ್ದು ಒಳ್ಳೇದಾಯ್ತು. ಪಿಲ್ಲರ್, ಬೀಮ್, ಲಿಂಟಲ್‌ನಲ್ಲೂ ಸ್ಪೀಕರ್‌ಗೆ ಅಂತ ಗುಂಡಿ ತೋಡಿಸುವವರನ್ನ ನೋಡಿದೀನಿ. ದಯವಿಟ್ಟು ಯಾರೂ ಮಾಡಬೇಡಿ.

ತಂಬೂರಿ

ತೆರೆದ ಶೆಲ್ಫ್, ಮುಟ್ಟಿದರೆ ತಣ್ಣಗಿದೆ. ಬೆಳಿಗ್ಗೆ ಆನ್ ಮಾಡಿದ ಒಂದೇ ನಿಮಿಷಕ್ಕೂ ಆಗಿದೆ.

ಮೀಟರ್‌ಮನೆ, ಶಿವಮೊಗ್ಗ

ಹಾಗಾದರೆ ಬಿಸಿ ಅಲ್ಲ. ಊಹೆ ಮಾಡೋದು ಬಿಟ್ಟು ಒಂದೊಂದನ್ನೇ ಬೇರೆ ಮಾಡೋಣ. ಪ್ರತಿ ಸಲ ರಿಸೀವರ್ ಪ್ಲಗ್ ಕಿತ್ತು ಆಮೇಲೆ ವೈರ್ ಮುಟ್ಟಿ.

ಮೊದಲು ಎಡ ಸ್ಪೀಕರ್ ಮಾತ್ರ ಇಟ್ಟು ಜೋರಾಗಿ ನುಡಿಸಿ. ಆಮೇಲೆ ಬಲ ಮಾತ್ರ. ಯಾವುದು ಆಫ್ ಮಾಡಿಸುತ್ತೋ ಆ ವೈರನ್ನ ರಿಸೀವರ್‌ನ ಇನ್ನೊಂದು ಬದಿಯ ಟರ್ಮಿನಲ್‌ಗೆ ಹಾಕಿ ನೋಡಿ. ಕೊನೆಗೆ ಆ ಸ್ಪೀಕರನ್ನ ಗೋಡೆಯಿಂದ ಬಿಚ್ಚಿ, ರಿಸೀವರ್ ಪಕ್ಕದಲ್ಲೇ ಎರಡು ಮೀಟರ್ ಬೇರೆ ವೈರ್‌ನಲ್ಲಿ ನುಡಿಸಿ.

ತಂಬೂರಿ

ಎಡ ಮಾತ್ರ: ಎಷ್ಟು ಜೋರಿಟ್ಟರೂ ಆಫ್ ಆಗಲಿಲ್ಲ. ಬಲ ಮಾತ್ರ: ಆಫ್. ಬಲದ ವೈರ್ ಎಡ ಟರ್ಮಿನಲ್‌ಗೆ: ಆಗಲೂ ಆಫ್. ಬಿಚ್ಚಿ ಬೇರೆ ವೈರ್‌ನಲ್ಲಿ: ಅದೇ ಸ್ಪೀಕರ್ ಚೆನ್ನಾಗಿ ನುಡಿಯಿತು!

ಮೀಟರ್‌ಮನೆ

ಅಂದರೆ ರಿಸೀವರೂ ಸರಿ, ಸ್ಪೀಕರೂ ಸರಿ. ತೊಂದರೆ ಆ 12 ಮೀಟರ್ ವೈರ್‌ನಲ್ಲಿದೆ. ನೀವು ಓಮ್ ಅಳೆದಾಗ ಗೋಡೆ ಸುಮ್ಮನೆ ನಿಂತಿತ್ತು. ಮೃದಂಗದ ತೊಪ್ಪಿ (ದಪ್ಪ ನಾದದ ಎಡಬದಿ) ನುಡಿದಾಗ ಬೋರ್ಡ್ ಅದುರುತ್ತೆ.

ವೈರನ್ನ ಎರಡೂ ತುದಿಯಲ್ಲಿ ಬಿಡಿಸಿ, ಒಂದು ತುದಿಗೆ ಮೀಟರ್ ಹಾಕಿ. ತುದಿಗಳು ಬೇರೆ ಬೇರೆ ಇರೋದರಿಂದ ಮೀಟರ್ ಏನೂ ತೋರಿಸಬಾರದು. ಈಗ ಮನೆಯವರೊಬ್ಬರು ವೈರ್ ಹೋದ ದಾರಿಯುದ್ದಕ್ಕೂ ಬೋರ್ಡನ್ನ ಅಂಗೈಯಿಂದ ತಟ್ಟುತ್ತಾ ಹೋಗಲಿ.

ತಂಬೂರಿ

ಬಾಗಿಲು ದಾಟಿದ ಮೇಲೆ ಎಲ್ಲಿ ತಟ್ಟಿದರೂ ಮೀಟರ್ ಚಕ್ಕಂತ ಬಂದು ಹೋಗ್ತಿದೆ. ಗಟ್ಟಿಯಾಗಿ ಒತ್ತಿ ಹಿಡಿದರೆ ನಿಲ್ಲುತ್ತೆ, 0.7 ಓಮ್. ಮೈ ಜುಮ್ ಅಂತು.

ಮೀಟರ್‌ಮನೆ

ಸ್ಕ್ರೂ. ಬೋರ್ಡ್ ಹೊಡೆಯೋಕೆ ಸಾಮಾನ್ಯವಾಗಿ 25 ಮಿ.ಮೀ. ಸ್ಕ್ರೂ ಹಾಕ್ತಾರೆ. ಬೋರ್ಡ್ 12.5, ಚಾನಲ್ ತಗಡು ಒಂದು ಮಿ.ಮೀ.ಗಿಂತ ಕಡಿಮೆ. ಉಳಿದ ಸುಮಾರು 12 ಮಿ.ಮೀ. ಮೊನೆ ಚಾನಲ್ ಹಿಂದೆ ಚಾಚಿಕೊಂಡಿರುತ್ತೆ, ನಿಮ್ಮ ವೈರ್ ಕಟ್ಟಿರೋದೂ ಅಲ್ಲೇ. ಮೊನೆ ಎರಡು ಎಳೆಗಳ ನಡುವೆ ಹೋಗಿ, ಇಷ್ಟು ದಿನದ ಅದುರಾಟದಲ್ಲಿ ಇನ್ಸುಲೇಷನ್ ಸವೆದಿದೆ. ಬೋರ್ಡ್ ಅದುರಿದಾಗ ಸ್ಕ್ರೂ ಎರಡು ಎಳೆಗೂ ತಾಗಿ ಶಾರ್ಟ್ ಆಗುತ್ತೆ, ರಿಸೀವರ್ ಆಫ್ ಆಗೋದು ಅದಕ್ಕೇ.

ಬೋರ್ಡ್ ಪೂರ್ತಿ ಕೀಳಬೇಡಿ. ಹಾಗೇ ಒತ್ತಿ ಹಿಡಿದುಕೊಂಡು ಇನ್ನೊಂದು ತುದಿಯಿಂದಲೂ ಅಳೆಯಿರಿ.

ತಂಬೂರಿ

0.7 ಬಂದದ್ದು ರಿಸೀವರ್ ತುದಿಯಿಂದ. ಸ್ಪೀಕರ್ ತುದಿಯಿಂದ 0.6.

ಮೀಟರ್‌ಮನೆ

ಸ್ಕ್ರೂ ತಾಗುವ ಜಾಗದ ರೆಸಿಸ್ಟೆನ್ಸ್, ಮಲ್ಟಿಮೀಟರ್‌ನ ಸ್ವಂತ ವೈರ್‌ನದು, ಎರಡೂ ಅಳತೆಗಳಲ್ಲಿ ಇವೆ. ಒಂದರಲ್ಲಿ ಇನ್ನೊಂದನ್ನ ಕಳೆದರೆ ಹೊರಟುಹೋಗುತ್ತವೆ, ಉಳಿಯೋದು 0.1. ಎಳೆ ಎಳೆಯಾದ 1.5 ಚದರ ಮಿ.ಮೀ. ತಾಮ್ರಕ್ಕೆ ಕಿಲೋಮೀಟರಿಗೆ 13.3 ಓಮ್. ಹೋಗಿ ಬರುವ ದಾರಿ ಸೇರಿಸಿ 12 ಮೀಟರ್ ವೈರ್‌ಗೆ 0.32. ರಿಸೀವರ್ ಕಡೆಯ ಭಾಗ 0.1 ಜಾಸ್ತಿ, ಹಾಗಾಗಿ ಅದಕ್ಕೆ 0.1 ಕೂಡಿಸಿ ಅರ್ಧ ಮಾಡಿ: 0.21. ಅಂದರೆ ರಿಸೀವರ್‌ನಿಂದ ಹತ್ತಿರ ಹತ್ತಿರ 8 ಮೀಟರ್. ಮೀಟರ್‌ನ ಕೊನೆಯ ಅಂಕಿ ಆಚೀಚೆ ಆಗೋದರಿಂದ ಎರಡು ಮೀಟರ್ ಹಿಂದೆ ಮುಂದೆ ಇಟ್ಟುಕೊಳ್ಳಿ.

ಆ ಜಾಗದಲ್ಲಿ ಪುಟ್ಟಿ, ಬಣ್ಣಗಳ ಅಡಿಯ ಸ್ಕ್ರೂ ತಲೆಗಳನ್ನ ಪುಟ್ಟ ಆಯಸ್ಕಾಂತದಲ್ಲಿ ಹುಡುಕಿ, ಪೆನ್ಸಿಲ್ ಗುರುತು ಹಾಕಿ. ಆ ಗೋಡೆಗೆ ಕರೆಂಟ್ ಕೊಡುವ ಎಂಸಿಬಿ ಇಳಿಸಿ. ಮೀಟರ್ ಹಾಕಿಕೊಂಡೇ ಒಂದೊಂದೇ ಸ್ಕ್ರೂ ಬಿಚ್ಚಿ, ಪ್ರತಿಯೊಂದಾದ ಮೇಲೂ ಬೋರ್ಡ್ ಒತ್ತಿ ನೋಡಿ.

ಕಡಲಾಚೆ, ಹ್ಯೂಸ್ಟನ್

ಇಲ್ಲಿ ಅಮೆರಿಕದ ಮನೆಗಳಲ್ಲೂ ಇದು ಆಗೋದೇ. ಈ ಸ್ಪೀಕರ್‌ಗಳ ಅಳತೆ ಬಂದಿರೋದೇ ಇಲ್ಲಿನ ಗೋಡೆಗಳಿಂದ: 16 ಇಂಚಿಗೊಂದು ಮರದ ಕಂಬ, ಒಳಗೆ ಮೂರೂವರೆ ಇಂಚು ಟೊಳ್ಳು, ಮೇಲೆ ಅರ್ಧ ಇಂಚು ಬೋರ್ಡ್. ವೈರ್ ಕಂಬ ದಾಟುವ ಜಾಗ ಅಂಚಿಗೆ ಹತ್ತಿರವಿದ್ದರೆ ಮುಂದೆ ಉಕ್ಕಿನ ಪಟ್ಟಿ ಬಡಿಯುತ್ತಾರೆ, ಸ್ಕ್ರೂ ಒಳಗೆ ಹೋಗದ ಹಾಗೆ. ನಿಮ್ಮಲ್ಲಿ ಗಟ್ಟಿ ಪಿವಿಸಿ ಪೈಪನ್ನ ಚಾನಲ್‌ಗೆ ತಾಗದಂತೆ ಹಿಂದಿನ ಬ್ಲಾಕ್ ಗೋಡೆಗೆ ಕ್ಲಿಪ್ ಮಾಡಿದರೆ ಸಾಕು.

ತಂಬೂರಿ

ಸಿಕ್ಕಿತು! ಆಯಸ್ಕಾಂತಕ್ಕೆ 14 ಸ್ಕ್ರೂ ಸಿಕ್ಕವು. ಐದನೆಯದು ಬಿಚ್ಚಿದ ಮೇಲೆ ಎಷ್ಟು ಒತ್ತಿದರೂ ಮೀಟರ್ ಅಲ್ಲಾಡಲಿಲ್ಲ. ಅದರ ಮೊನೆಯಲ್ಲಿ ತಾಮ್ರದ ಹೊಳಪು. ಹಾಗೇ ಬಿಟ್ಟು ಟೇಪ್ ಸುತ್ತಿದರೆ ನಡೆಯುತ್ತಾ?

ಮೀಟರ್‌ಮನೆ

ಬೇಡ. ಮುಚ್ಚಿದ ಬೋರ್ಡ್ ಹಿಂದೆ ಗಾಯವಾದ ವೈರೂ ಬೇಡ, ಜೋಡಣೆಯೂ ಬೇಡ. ಬಾಗಿಲ ಮೇಲೆ ಕೈ ಹೋಗುವಷ್ಟು ಬೋರ್ಡ್ ಕತ್ತರಿಸಿ, ಪೈಪ್ ಹಾಕಿ, ಒಂದೇ ತುಂಡು ಹೊಸ ವೈರ್ ಎಳೆಯಿರಿ. ಎಳೆಯೋದೇ ಆದರೆ 2.5 ಚದರ ಮಿ.ಮೀ. 230 ವೋಲ್ಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಹಾಕಬೇಡಿ, ಅಲ್ಲಿ ಇನ್ಸುಲೇಷನ್ ಹೋದರೆ ಮುಟ್ಟಿದವರ ಜೀವಕ್ಕೆ ಅಪಾಯ.

ತಂಬೂರಿ

ಭಾನುವಾರ ಪೂರ್ತಿ ಕೂತು ಮಾಡಿದೆವು. ಮೂರು ಕಡೆ ಕತ್ತರಿಸಿ, 20 ಮಿ.ಮೀ. ಪೈಪ್, ಹೊಸ ವೈರ್. ಮುಚ್ಚುವ ಮೊದಲು ಅಳತೆ ಟೇಪ್ ಹಿಡಿದು ಫೋಟೊ ತೆಗೆದಿಟ್ಟಿದೀನಿ, ಟೇಪ್ ಹಿಡಿದದ್ದು ಅಪ್ಪ. ಈಗ ಆಫ್ ಆಗ್ತಿಲ್ಲ. ಆದರೆ ಸೋಫಾದ ನಡುವೆ ಕೂತರೆ ಮೃದಂಗ ತೆಳ್ಳಗೆ ಕೇಳುತ್ತೆ, ಒಂದು ಸ್ಪೀಕರ್ ಹತ್ತಿರ ಹೋದರೆ ಸರಿ. ಮೊದಲು ಹೀಗಿರಲಿಲ್ಲ.

ಬಡಗಿಮನೆ

ಹೊಸ ವೈರ್‌ನಲ್ಲಿ ಪ್ಲಸ್ ಮೈನಸ್ ಅದಲುಬದಲಾಗಿದೆ. ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆದರೆ ನಡುವೆ ಬೇಸ್ ಅಳಿಸಿಹೋಗುತ್ತೆ. ಜಾಲರಿ ತೆಗೆದು, ರಿಸೀವರ್ ತುದಿಯಲ್ಲಿ ಎರಡೂ ವೈರ್ ಬಿಡಿಸಿ, ಪ್ಲಸ್ ಎಳೆಗೆ 1.5 ವೋಲ್ಟ್ ಸೆಲ್‌ನ ಪ್ಲಸ್, ಇನ್ನೊಂದಕ್ಕೆ ಮೈನಸ್, ಒಂದು ಕ್ಷಣ ಮುಟ್ಟಿಸಿ. ಕೋನ್ ಎರಡರಲ್ಲೂ ಹೊರಗೆ ಬರಬೇಕು.

ತಂಬೂರಿ

ಬಲದ್ದು ಒಳಗೆ ಹೋಯ್ತು. ತಿರುಗಿಸಿ ಹಾಕಿದೆ.

ಇವತ್ತು ಬೆಳಿಗ್ಗೆ ಅಪ್ಪ ಕಛೇರಿ ಹಾಕಿದರು. ತನಿ ಶುರುವಾದಾಗ ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಮೃದಂಗ ಮುಗಿದು ಘಟ ಬಂತು, ಮತ್ತೆ ಮೃದಂಗ. ಅವರು ತೊಡೆ ಮೇಲೆ ತಾಳ ಹಾಕ್ತಾ ಕೊನೆಯ ಮುಕ್ತಾಯದವರೆಗೂ ಕೂತಿದ್ದರು.