ಪದಚರ್ಚೆ: ರೋಮಿನ ಅಕ್ವಡಕ್ಟ್‌ಗೆ ‘ಮೇಲ್ಗಾಲುವೆ’ ಸರಿಯೇ? ನಾಳೆ ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ಒಂದು ಚಿಕ್ಕ ಪ್ರದರ್ಶನ ಇದೆ. ಹಳೆಯ ರೋಮನ್ನರು ಕಟ್ಟಿದ್ದರಲ್ಲಿ, ಮಾಡಿದ್ದರಲ್ಲಿ ಏನೇನು ಇವತ್ತಿಗೂ ನಮ್ಮ ಜೊತೆ ಉಳಿದಿದೆ ಅನ್ನುವುದು ವಿಷಯ. ರಸ್ತೆ, ಕಾಂಕ್ರೀಟು, ಕಾನೂನು, ತಿಂಗಳ ಹೆಸರುಗಳು, ನೀರು. ಹಲಗೆಗಳ ಬರಹವನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಉಳಿದದ್ದೆಲ್ಲ ಮುಗಿದಿದೆ. ನೀರಿನ ಹಲಗೆ ಮಾತ್ರ ನಿಂತಿದೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು.

ಅಕ್ವಡಕ್ಟ್ ಅಂದರೆ ದೂರದಿಂದ ಊರಿಗೆ ನೀರು ತರಲು ರೋಮನ್ನರು ಕಟ್ಟಿದ ಸಾಲು. ಅದಕ್ಕೆ ಮೊದಲು ‘ಮೇಲ್ಗಾಲುವೆ’ ಅಂತ ಹಾಕಿದ್ದೆ. ಪತ್ರಿಕೆಗಳಲ್ಲಿ ಅದೇ ಪದ ಓದಿದ್ದೇನೆ. ಪಕ್ಕದ ಚಿತ್ರಕ್ಕೂ ಚೆನ್ನಾಗಿ ಹೊಂದುತ್ತಿತ್ತು. ಫ್ರಾನ್ಸಿನ ಪೋಂ ದು ಗಾರ್, ಮೂರು ಅಂತಸ್ತಿನ ಕಮಾನು, ಸುಮಾರು 49 ಮೀಟರ್ ಎತ್ತರ, ತೀರಾ ಮೇಲೆ ನೀರು ಹರಿಯುವ ಕಾಲುವೆ. ಆಮೇಲೆ ಎರಡನೇ ಪ್ಯಾರಾಕ್ಕೆ ಬಂದೆ. ನನ್ನ ಅನುವಾದ ಹೀಗಾಯಿತು:

“ರೋಮಿನ ಮೊದಲ ಮೇಲ್ಗಾಲುವೆ ಆಕ್ವಾ ಆಪಿಯಾ. ಕ್ರಿ.ಪೂ. 312ರಲ್ಲಿ ಕಟ್ಟಿದ್ದು. ಹೆಚ್ಚುಕಡಿಮೆ ಪೂರ್ತಿ ನೆಲದಡಿಯಲ್ಲೇ ಹರಿಯುತ್ತಿತ್ತು.”

ನೆಲದಡಿಯ ಮೇಲ್ಗಾಲುವೆ! ಇದನ್ನು ಮಕ್ಕಳ ಮುಂದೆ ಇಡಲು ನನಗೆ ಮನಸ್ಸಿಲ್ಲ. ತಲೆಬರಹಕ್ಕೆ ಜಾಗ ಕಡಿಮೆ. ಎರಡು ಪದ, ಜಾಸ್ತಿ ಅಂದರೆ ಮೂರು. ದಯವಿಟ್ಟು ದಾರಿ ತೋರಿಸಿ.

– ಮೈಸೂರಿನಿಂದ

* * *

ಅಕ್ವಡಕ್ಟ್ ಎಂದೇ ಬರೆಯಿರಿ ಮೇಡಂ. ನೀರಾವರಿ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ನಕ್ಷೆಯಲ್ಲಿ, ಟೆಂಡರಿನಲ್ಲಿ, ಸೈಟಿನಲ್ಲಿ ಎಲ್ಲ ಕಡೆ ಅದೇ ಪದ. ಮೇಸ್ತ್ರಿಗೂ ಅರ್ಥ ಆಗುತ್ತದೆ. ನೆಲದಡಿಯದ್ದು ಒಂದೋ ಎರಡೋ ಇದ್ದಿರಬಹುದು. ಅಷ್ಟಕ್ಕೆ ಹೊಸ ಪದ ಹುಟ್ಟಿಸಬೇಕಾ?

– ಬೆಂಗಳೂರಿನಿಂದ

* * *

ಒಂದೋ ಎರಡೋ ಅಲ್ಲ ಸರ್. ಕ್ರಿ.ಶ. 97ರಲ್ಲಿ ನರ್ವಾ ಚಕ್ರವರ್ತಿ ಫ್ರಾಂಟಿನಸ್ ಎಂಬಾತನನ್ನು ರೋಮಿನ ನೀರಿನ ಮುಖ್ಯ ಅಧಿಕಾರಿಯಾಗಿ ನೇಮಿಸಿದ. ಊರಿಗೆ ನೀರು ತರುತ್ತಿದ್ದ ಒಂಬತ್ತು ಅಕ್ವಡಕ್ಟ್ ಸಾಲುಗಳ ಲೆಕ್ಕವನ್ನು ಆತ ಬರೆದಿಟ್ಟಿದ್ದಾನೆ. ಆಪಿಯಾದ ಉದ್ದ 11,190 ಜೋಡಿಹೆಜ್ಜೆ (ರೋಮನ್ನರ ಅಳತೆ, ಸುಮಾರು ಒಂದೂವರೆ ಮೀಟರ್). ಅದರಲ್ಲಿ ನೆಲದ ಮೇಲಿದ್ದದ್ದು ಬರೀ 60. ಇನ್ನೊಂದು ಸಾಲು ಮಾರ್ಸಿಯಾ ತುಂಬಾ ದೊಡ್ಡದು, ಸುಮಾರು 91 ಕಿಲೋಮೀಟರ್. 61,710 ಜೋಡಿಹೆಜ್ಜೆಯಲ್ಲಿ 54,247 ನೆಲದಡಿಯದ್ದೇ. ಕಮಾನುಗಳು ಕಣ್ಣಿಗೆ ಬೀಳುತ್ತವೆ, ಫೋಟೋದಲ್ಲಿ ಚೆಂದ ಕಾಣುತ್ತವೆ. ನೀರು ಬಂದದ್ದು ಮಾತ್ರ ಬಹಳ ಮಟ್ಟಿಗೆ ಯಾರಿಗೂ ಕಾಣದ ದಾರಿಯಲ್ಲಿ. ಹಲಗೆಯಲ್ಲಿ ನಾನು ಮಕ್ಕಳಿಗೆ ಹೇಳಬೇಕಿರುವುದೇ ಅದು.

– ಮೈಸೂರಿನಿಂದ

* * *

ಅಕ್ವಡಕ್ಟ್ ಬೇಡವೇ ಬೇಡ. ಕೆರೆ ಕಟ್ಟಿ ಬಾಳಿದ ನುಡಿಗೆ ನೀರಿನ ಪದಗಳ ಬರ ಇಲ್ಲ. ಕೋಡಿ, ತೂಬು, ಏತ, ಕಟ್ಟೆ, ಹೊಂಡ, ಅಗಳು, ಕಾಲುವೆ. ಇಷ್ಟು ಇಟ್ಟುಕೊಂಡು ಲ್ಯಾಟಿನ್ ಬಾಗಿಲಿಗೆ ಯಾಕೆ ಹೋಗಬೇಕು?

‘ಕಾಲುವೆ’ಯ ಬೇರು ‘ಕಾಲ್’. ಮೈಗೆ ಇರುವ ಕಾಲಲ್ಲ, ನೀರು ಹರಿಯುವ ಕಾಲ್. ತಮಿಳಿನಲ್ಲಿ ವಾಯ್ಕ್ಕಾಲ್, ಕಾಲ್ವಾಯ್ ಇವೆ ನೋಡಿ. ಹಳೆಯ ದ್ರಾವಿಡ ಪದ. ಕೆಲವರು ಕಮಾನಿಗೆ ಕಾಲು ಇರುತ್ತದೆ, ಅದಕ್ಕೇ ಕಾಲುವೆ ಅಂದುಕೊಂಡಿದ್ದಾರೆ. ಶುದ್ಧ ತಪ್ಪು. ‘ನೀರ್ಗಾಲುವೆ’ ಅನ್ನಬೇಡಿ, ಕಾಲುವೆಯಲ್ಲೇ ನೀರಿದೆ. ‘ಜಲಸೇತುವೆ’ಯಂತೂ ಬೇಡ. ಸೇತುವೆ ದಾಟುವುದಕ್ಕೆ, ತರುವುದಕ್ಕಲ್ಲ. ‘ನೀರ್ದಾರಿ’ ಎಂದು ಹಾಕಿ. ನೆಲದ ಮೇಲೂ ನಡೆಯುತ್ತದೆ, ಕೆಳಗೂ ನಡೆಯುತ್ತದೆ.

– ಧಾರವಾಡದಿಂದ

* * *

ಮೇಷ್ಟ್ರೇ, ನೀರ್ದಾರಿ ಅಂದರೆ ನಮ್ಮ ಕರಾವಳಿಯಲ್ಲಿ ದೋಣಿ ಹೋಗುವ ದಾರಿ ಅಂದುಕೊಳ್ಳುತ್ತಾರೆ. ಅದು ಆಗದು.

ನಮ್ಮ ತೋಟಗಳಲ್ಲಿ ಮೊದಲು ಅಡಕೆ ಮರ ಸೀಳಿ, ತಿರುಳು ತೆಗೆದು, ಒಂದಕ್ಕೊಂದು ಜೋಡಿಸಿ ನೀರು ತರುತ್ತಿದ್ದೆವು. ಅದಕ್ಕೆ ‘ದಂಬೆ’ ಅನ್ನುತ್ತೇವೆ. ತಗ್ಗು ಬಂದ ಕಡೆ ಕವೆಗೋಲು ನೆಟ್ಟು ಅದರ ಮೇಲೆ ದಂಬೆ ಹಾಯಿಸುತ್ತಿದ್ದೆವು. ನಿಮ್ಮ ಕಮಾನಿನ ಚಿತ್ರ ನೋಡಿದಾಗ ನನಗೆ ಮೊದಲು ನೆನಪಾದದ್ದು ಅದೇ.

ನೆಲದಡಿಯದ್ದಕ್ಕೆ ‘ಸುರಂಗ’ ಇದೆ. ಪುತ್ತೂರು, ಕಾಸರಗೋಡು ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ತೋಡಿ ನೀರು ತೆಗೆಯುತ್ತೇವೆ. ಪಂಪು ಬೇಡ, ಕರೆಂಟು ಬೇಡ. ಒಳಗೆ ಇಷ್ಟೇ ಇಷ್ಟು ಇಳಿಜಾರು ಇದ್ದರೆ ನೀರು ತಾನಾಗಿ ಅಂಗಳಕ್ಕೆ ಬರುತ್ತದೆ. ರೋಮನ್ನರ ಕೆಲಸವೂ ಇದೇ ಅಲ್ವಾ? ಪೋಂ ದು ಗಾರ್ ಇರುವ ಆ ನೀಮ್ ಪಟ್ಟಣದ ಸಾಲು ಸುಮಾರು 50 ಕಿಲೋಮೀಟರ್ ಉದ್ದ. ಅಷ್ಟು ದೂರಕ್ಕೆ ಒಟ್ಟು ಇಳಿತ 12 ಮೀಟರ್ ಚಿಲ್ಲರೆ. ಕಿಲೋಮೀಟರಿಗೆ ಒಂದು ಗೇಣಿನಷ್ಟು! ಇಳಿಜಾರು ಜಾಸ್ತಿ ಆದರೆ ನೀರು ಕಟ್ಟಡವನ್ನು ಕೊರೆಯುತ್ತದೆ, ಕಡಿಮೆ ಆದರೆ ನಿಲ್ಲುತ್ತದೆ. ಸುರಂಗ ತೋಡಿದವರಿಗೆ ಮಾತ್ರ ಗೊತ್ತು ಅದು ಎಷ್ಟು ಕಷ್ಟ ಅಂತ.

– ಪುತ್ತೂರಿನಿಂದ

* * *

ದಂಬೆ ತೋಟದ ಸಾಮಾನು. ಸುರಂಗ ಕನ್ನಡವೇ ಅಲ್ಲ. ಗ್ರೀಕಿನ ಸಿರಿಂಕ್ಸ್ ಸಂಸ್ಕೃತಕ್ಕೆ ಬಂದು ಸುರಂಗ ಆಯಿತು ಎಂದು ವಿದ್ವಾಂಸರು ಹೇಳುತ್ತಾರೆ. ಎರಡೂ ಬೇಡ.

– ಧಾರವಾಡದಿಂದ

* * *

ಗ್ರೀಕಿನಿಂದ ಬಂದರೆ ಬರಲಿ ಮೇಷ್ಟ್ರೇ. ನಮ್ಮಲ್ಲಿ ಸುರಂಗದ ನೀರು ಕುಡಿದು ಬೆಳೆದವರಿಗೆ ಅದು ಕನ್ನಡವೇ.

– ಪುತ್ತೂರಿನಿಂದ

* * *

ನಾನು ವಿಷಯ ಸ್ವಲ್ಪ ಬದಲಿಸುತ್ತೇನೆ, ಕ್ಷಮಿಸಿ.

ಮೇಷ್ಟ್ರೇ, ಹೊರಗಿನ ಪದ ಬೇಡ ಅನ್ನುತ್ತೀರಿ. ನಿಮ್ಮನ್ನು ನಾವೆಲ್ಲ ಕರೆಯುವ ‘ಮೇಷ್ಟ್ರು’ ಎಲ್ಲಿಂದ ಬಂತು? ಇಂಗ್ಲಿಷಿನ ಮಾಸ್ಟರ್. ಅದರ ಹಿಂದೆ ಲ್ಯಾಟಿನ್ನಿನ ಮ್ಯಾಗಿಸ್ಟರ್. ನಾನು ಹೇಳಿದ ಮೇಸ್ತ್ರಿಯೂ ಅದೇ ಮ್ಯಾಗಿಸ್ಟರ್, ಪೋರ್ಚುಗೀಸರ ಕೈಯಿಂದ ಬಂದದ್ದು. ನಿಮ್ಮ ಮನೆಯ ಚಾವಿ ರೋಮನ್ನರ ‘ಕ್ಲಾವಿಸ್’. ಅಲಮಾರು ಅವರ ‘ಅರ್ಮಾರಿಯಂ’. ನಲ್ಲಿ ಕೆಟ್ಟರೆ ಕರೆಯುವ ಪ್ಲಂಬರ್ ಹೆಸರಿನಲ್ಲಿ ‘ಪ್ಲಂಬಂ’ ಇದೆ, ಅಂದರೆ ಸೀಸ. ರೋಮಿನ ಮನೆಗಳಿಗೆ ಸೀಸದ ಕೊಳವೆಯಲ್ಲಿ ನೀರು ಬರುತ್ತಿತ್ತು. ಸಿಮೆಂಟಿನ ಹಿಂದೆ ‘ಕೆಮೆಂಟಂ’ ಇದೆ, ಒಡೆದ ಕಲ್ಲಿನ ಚೂರು. ರೋಮ್ ಬರೀ ಹಲಗೆಯ ಮೇಲಿಲ್ಲ, ನಮ್ಮ ಮನೆಯೊಳಗೇ ಇದೆ. ಇಷ್ಟೆಲ್ಲ ಒಳಗೆ ಬಂದ ಮೇಲೆ ಅಕ್ವಡಕ್ಟ್ ಒಂದನ್ನು ಬಾಗಿಲಲ್ಲಿ ನಿಲ್ಲಿಸುವುದು ಯಾವ ನ್ಯಾಯ?

ರೋಮನ್ನರೇ ಹಾಗೆ ಮಾಡಲಿಲ್ಲ. ಸ್ನಾನದ ಮನೆಗಳನ್ನು ಅವರಷ್ಟು ದೊಡ್ಡದಾಗಿ ಕಟ್ಟಿದವರು ಕಡಿಮೆ. ಆದರೆ ಸ್ನಾನದ ಮನೆಗೆ ಅವರು ಅಂದ ‘ಬಲ್ನಿಯಂ’ ಗ್ರೀಕರಿಂದ ಪಡೆದದ್ದು. ಪದ ಸಾಲ ತಂದರು, ಕಟ್ಟಡ ತಾವೇ ಕಟ್ಟಿದರು.

– ಬೆಂಗಳೂರಿನಿಂದ

* * *

ಇಂಜಿನಿಯರ್ ಸಾಹೇಬರೇ, ನೀವು ಕೊಟ್ಟ ಪಟ್ಟಿಯಲ್ಲೇ ನನ್ನ ಉತ್ತರ ಇದೆ. ಚಾವಿ, ಅಲಮಾರು, ಮೇಸ್ತ್ರಿ ಇವೆಲ್ಲ ವಸ್ತುವಿನ ಜೊತೆ, ಮನುಷ್ಯನ ಜೊತೆ ಬಂದವು. ಸಂತೆಯಲ್ಲಿ, ಬಂದರಿನಲ್ಲಿ ಜನರ ಬಾಯಿಗೆ ಬಿದ್ದು ನುರಿತವು. ‘ಕ್ಲಾವಿಸ್’ ಎಂದು ಯಾರೂ ಉಳಿಸಿಕೊಳ್ಳಲಿಲ್ಲ. ಕನ್ನಡದ ನಾಲಿಗೆ ಅವನ್ನು ತಿದ್ದಿಕೊಂಡಿತು. ಅಂಥ ಪದದ ಮೇಲೆ ನನಗೆ ಸಿಟ್ಟಿಲ್ಲ.

ಅಕ್ವಡಕ್ಟ್ ಹಾಗೆ ಬಂದದ್ದಲ್ಲ. ಕಾಗದದಿಂದ ಕಾಗದಕ್ಕೆ ಹಾರಿದ್ದು. ಲ್ಯಾಟಿನ್ ಬಲ್ಲವನಿಗೆ ಅದರಲ್ಲಿ ‘ಆಕ್ವಾ’ ಕೇಳಿಸುತ್ತದೆ, ನೀರು ಕಾಣುತ್ತದೆ. ಎಂಟನೇ ಕ್ಲಾಸಿನ ಹುಡುಗಿಗೆ ಏನು ಕಾಣುತ್ತದೆ? ನಾಲ್ಕು ಅಕ್ಷರ, ಎರಡು ಒತ್ತು. ಬಾಯಿಪಾಠ ಮಾಡುತ್ತಾಳೆ, ಪರೀಕ್ಷೆ ಬರೆದು ಮರೆಯುತ್ತಾಳೆ. ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಪದದೊಳಗೆ ಅರ್ಥ ಕಂಡಾಗ ಮಕ್ಕಳ ಮುಖ ಹೇಗೆ ಅರಳುತ್ತದೆ ಅಂತ ನನಗೆ ಗೊತ್ತು. ನನ್ನ ಹಟ ಅದಕ್ಕೆ, ಬೇರೆ ಯಾವುದಕ್ಕೂ ಅಲ್ಲ.

– ಧಾರವಾಡದಿಂದ

* * *

ನಾನು ಜರ್ಮನಿಯ ಕಲೋನ್‌ನಲ್ಲಿದ್ದೇನೆ. ರೋಮನ್ನರ ಕಾಲದಲ್ಲಿ ಈ ಊರಿಗೂ ಐಫಲ್ ಗುಡ್ಡಗಳಿಂದ ನೀರು ಬರುತ್ತಿತ್ತು. ಸುಮಾರು 95 ಕಿಲೋಮೀಟರ್ ಸಾಲು. ಅದೂ ಬಹುಪಾಲು ನೆಲದಡಿಯಲ್ಲೇ. ಇಲ್ಲಿನ ಚಳಿಗೆ ನೀರು ಹೆಪ್ಪುಗಟ್ಟದೆ ಇರಲು ಹೂತಿಟ್ಟದ್ದು ಒಳ್ಳೆಯದೇ ಆಯಿತು. ಆ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಕಾಲುವೆಯ ಒಳಗೋಡೆಗೆ ಅದು ಪದರ ಪದರವಾಗಿ ಕಟ್ಟಿಕೊಂಡು ಕಲ್ಲಾಗಿತ್ತು. ನೂರಾರು ವರ್ಷದ ಮೇಲೆ ಜನ ಆ ಕಲ್ಲನ್ನು ಕಿತ್ತು, ನಯ ಮಾಡಿ, ಚರ್ಚುಗಳ ಕಂಬಕ್ಕೆ ಅಮೃತಶಿಲೆಯ ಹಾಗೆ ಬಳಸಿದರು. ನೀರು ನಿಂತ ಮೇಲೂ ಕಾಲುವೆ ಉಪಯೋಗಕ್ಕೆ ಬಂತು.

ಪದಕ್ಕೆ ಬರುತ್ತೇನೆ. ಇಲ್ಲಿ ಇದನ್ನು ‘ರೋಮರ್‌ಕನಾಲ್’ ಅನ್ನುತ್ತಾರೆ, ರೋಮನ್ ನಾಲೆ ಅಂತ. ಪಂಡಿತರು ಬರೆಯುವಾಗ ‘ವಾಸರ್‌ಲೈಟುಂಗ್’ ಅನ್ನುತ್ತಾರೆ. ನೀರು ತರುವಂಥದ್ದು ಎಂಬ ಅರ್ಥ, ಲ್ಯಾಟಿನ್ ಪದದ ನೇರ ಅನುವಾದ. ಇವತ್ತು ಮನೆಯ ನೀರಿನ ಪೈಪಿಗೂ ಅದೇ ಪದ. ‘ಅಕ್ವೆಡುಕ್ಟ್’ ಎಂದು ಹೆಚ್ಚಾಗಿ ಹೇಳುವುದು ಕಮಾನಿನ ಸೇತುವೆಗೆ ಮಾತ್ರ. ಪೂರ್ತಿ ಸಾಲಿಗೆ ಒಂದು ಪದ, ಎತ್ತರಿಸಿದ ತುಂಡಿಗೆ ಇನ್ನೊಂದು. ನಮ್ಮ ತೊಡಕು ಇರುವುದೂ ಅಲ್ಲೇ. ಎರಡು ವಸ್ತುವಿಗೆ ಒಂದೇ ಪದ ಹುಡುಕುತ್ತಿದ್ದೇವೆ. ಮೇಲ್ಗಾಲುವೆ ತಪ್ಪು ಪದವಲ್ಲ. ಅದನ್ನು ಇಡೀ ಸಾಲಿಗೆ ಎಳೆದದ್ದು ತಪ್ಪು.

– ಕಲೋನ್‌ನಿಂದ

* * *

ಹಾಗಾದರೆ ಪೂರ್ತಿ ಸಾಲಿಗೆ ಸುಮ್ನೆ ‘ಕಾಲುವೆ’ ಸಾಕು. ನನ್ನ ನೀರ್ದಾರಿಯನ್ನು ಬಿಡುತ್ತೇನೆ.

– ಧಾರವಾಡದಿಂದ

* * *

ಕಾಲುವೆ ಬೇಡ ಅನ್ನಿಸುತ್ತದೆ ಮೇಷ್ಟ್ರೇ. ಬೆಂಗಳೂರಿನ ಮಕ್ಕಳಿಗೆ ಕಾಲುವೆ ಅಂದರೆ ರಾಜಕಾಲುವೆ. ಮೂಗು ಮುಚ್ಚಿಕೊಂಡು ದಾಟುವ ಜಾಗ. ಕುಡಿಯುವ ನೀರು ತಂದದ್ದಕ್ಕೆ ಆ ಹೆಸರು ಇಟ್ಟರೆ ತಲೆಕೆಳಗಾಗುತ್ತದೆ.

– ಬೆಂಗಳೂರಿನಿಂದ

* * *

ಮಂಡ್ಯದವನು. ಎಲ್ಲ ಓದಿದೆ.

ನಮ್ಮ ವಿಶ್ವೇಶ್ವರಯ್ಯ ನಾಲೆ ಕನ್ನಂಬಾಡಿಯಿಂದ ಹೊರಟು ಬಯಲಲ್ಲಿ ಹರಿಯುತ್ತದೆ. ಹುಲಿಕೆರೆ ಹತ್ತಿರ ಗುಡ್ಡದೊಳಗೆ ಸುರಂಗ ಹೊಕ್ಕು ಆಚೆ ಬರುತ್ತದೆ. ಒಳಗಿದ್ದರೂ ನಾಲೆ, ಹೊರಗಿದ್ದರೂ ನಾಲೆ. ನಮಗೆ ಯಾರಿಗೂ ಗೊಂದಲ ಆಗಿಲ್ಲ. ಜರ್ಮನಿಯವರೂ ನಾಲೆ ಅಂತಲೇ ಅಂದರೆ ನಾವು ಯಾಕೆ ಹಿಂಜರಿಯಬೇಕು?

– ಮಂಡ್ಯದಿಂದ

* * *

ನಾಲೆ ಸಂಸ್ಕೃತದ ‘ನಾಲ’ದಿಂದ ಬಂದದ್ದು. ತಾವರೆಯ ಟೊಳ್ಳು ದಂಟು. ರಕ್ತನಾಳದಲ್ಲಿರುವುದೂ ಅದೇ. ನನಗೆ ಕಾಲುವೆಯೇ ಮೇಲು. ಆದರೂ ಒಂದು ಮಾತು ಒಪ್ಪಬೇಕು. ನಾಲೆಯ ಮೊದಲ ಅರ್ಥವೇ ಮುಚ್ಚಿದ ಕೊಳವೆ. ನೆಲದಡಿಯ ಸಾಲಿಗೆ ಬಿಟ್ಟಬಾಯಿಯ ಕಾಲುವೆಗಿಂತ ಚೆನ್ನಾಗಿ ಕೂರುತ್ತದೆ. ಹಾಕಿಕೊಳ್ಳಿ ತಂಗಿ.

– ಧಾರವಾಡದಿಂದ

* * *

ಎಲ್ಲರಿಗೂ ನಮಸ್ಕಾರ, ತುಂಬಾ ಉಪಕಾರ ಆಯಿತು. ಇನ್ನೊಂದು ಗಂಟೆಯಲ್ಲಿ ಕಳಿಸುತ್ತೇನೆ. ಹಲಗೆ ಈಗ ಹೀಗಿದೆ:

“ರೋಮಿನ ನೀರಿನ ನಾಲೆಗಳು. ಮೊದಲ ನಾಲೆ ಆಕ್ವಾ ಆಪಿಯಾ, ಕ್ರಿ.ಪೂ. 312. ಸುಮಾರು 16 ಕಿಲೋಮೀಟರ್ ಉದ್ದದಲ್ಲಿ ನೆಲದ ಮೇಲೆ ಕಾಣುತ್ತಿದ್ದದ್ದು 90 ಮೀಟರಿನಷ್ಟು ಮಾತ್ರ. ತಗ್ಗು, ಕಣಿವೆ ಎದುರಾದ ಕಡೆ ಕಮಾನು ಕಟ್ಟಿ ನಾಲೆಯನ್ನು ಎತ್ತರದಲ್ಲಿ ದಾಟಿಸುತ್ತಿದ್ದರು. ಆ ಭಾಗವೇ ಮೇಲ್ಗಾಲುವೆ. ಕ್ರಿ.ಪೂ. 19ರಲ್ಲಿ ರೋಮಿನ ಸೇನಾಪತಿ ಅಗ್ರಿಪ್ಪ ತಂದ ಆಕ್ವಾ ವರ್ಗೋ ನಾಲೆಯನ್ನು ಹಲವು ಸಲ ದುರಸ್ತಿ ಮಾಡಿದ್ದಾರೆ. ರೋಮಿನ ಟ್ರೆವಿ ಕಾರಂಜಿಗೆ ಇವತ್ತಿಗೂ ಆ ಸಾಲಿನ ನೀರೇ ಬರುತ್ತದೆ.”

ಪುತ್ತೂರಿನವರೇ, ನಿಮ್ಮ ಸುರಂಗದ ಒಂದು ಫೋಟೋ ಇದ್ದರೆ ಕಳಿಸಿ. ಹಲಗೆಯ ಬಲಗಡೆ ಕೆಳಗೆ ಒಂದಂಗೈ ಜಾಗ ಉಳಿದಿದೆ.

ಇನ್ನೊಂದು ಪದ ಬೇಕು. ನಾಲೆ ಊರು ಮುಟ್ಟಿದ ಮೇಲೆ ನೀರು ಮೊದಲು ಒಂದು ತೊಟ್ಟಿಗೆ ಬಿದ್ದು, ಅಲ್ಲಿಂದ ಕಾರಂಜಿಗೆ, ಸ್ನಾನದ ಮನೆಗೆ, ಮನೆಗಳಿಗೆ ಬೇರೆ ಬೇರೆಯಾಗಿ ಹೋಗುತ್ತಿತ್ತು. ಅವರು ಅದಕ್ಕೆ ‘ಕಸ್ಟೆಲ್ಲಂ’ ಅನ್ನುತ್ತಿದ್ದರು, ಚಿಕ್ಕ ಕೋಟೆ ಅಂತ. ನಾನು ‘ಹಂಚುತೊಟ್ಟಿ’ ಅಂತ ಬರೆದಿದ್ದೇನೆ. ಆಗಬಹುದಾ?

– ಮೈಸೂರಿನಿಂದ

* * *

ಆಗುತ್ತದೆ ಅಕ್ಕಾ. ನಮ್ಮ ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದ ನೆಲದಡಿಯಲ್ಲಿ ನೀರು ತಂದಿದ್ದರು. ಊರಲ್ಲಿ ಆ ನೀರಿಗೆ ಕಟ್ಟಿದ ಗೋಪುರಗಳಿಗೆ ‘ಗಂಜ್’ ಅನ್ನುತ್ತಾರೆ. ಆದರೆ ಆ ಪದ ಹೊರಗಿನವರಿಗೆ ತಿಳಿಯುವುದಿಲ್ಲ, ಮಾರುಕಟ್ಟೆ ಅಂದುಕೊಳ್ಳುತ್ತಾರೆ. ಹಂಚುತೊಟ್ಟಿ ಎಂದೇ ಇರಲಿ. ಮಾಡಿನ ಹಂಚು ಅಂದುಕೊಳ್ಳದ ಹಾಗೆ ಮೊದಲ ಸಲ ಬಂದಾಗ ‘ನೀರು ಹಂಚುವ ತೊಟ್ಟಿ’ ಎಂದು ಬಿಡಿಸಿ ಬರೆಯಿರಿ.

– ವಿಜಯಪುರದಿಂದ