ನೋಡದ ಬಿಪಿಯನ್ನು ಚಾರ್ಟಿನಲ್ಲಿ ಬರೆದೆ. ಈಗ ಹೇಳಲೋ ಬೇಡವೋ?

ನೈಟ್ ಡ್ಯೂಟಿ ತಂಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಎರಡು ವರ್ಷವಾಯ್ತು. ಉತ್ತರ ಕನ್ನಡದ ಕರಾವಳಿಯದೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಯಾವ ಊರು, ಯಾವ ಆಸ್ಪತ್ರೆ ಅಂತ ದಯವಿಟ್ಟು ಕೇಳಬೇಡಿ.

ನಮ್ಮ ವಾರ್ಡಿನಲ್ಲಿ 24 ಬೆಡ್. ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಇಬ್ಬರು ಸಿಸ್ಟರ್. ಹೆರಿಗೆ ಕೇಸ್ ಬಂದರೆ ಒಬ್ಬರು ಆ ಕಡೆ ಹೋಗುತ್ತಾರೆ, ಇಲ್ಲಿ ಉಳಿಯುವುದು ಒಬ್ಬಳೇ. ಆಪರೇಷನ್ ಆದವರಿಗೆ ನಾಲ್ಕು ತಾಸಿಗೊಮ್ಮೆ ಬಿಪಿ, ಪಲ್ಸ್ ನೋಡಿ ಬರೆಯಬೇಕು. ನಾನು ಸೇರಿದ ಮೊದಲ ವಾರವೇ ಸೀನಿಯರ್ ಒಬ್ಬರು ಹೇಳಿಕೊಟ್ಟಿದ್ದರು: "10 ಗಂಟೆಗೆ ನೋಡ್ತೀಯಲ್ಲ, ಅದರ ಹತ್ತಿರದ್ದೇ ಒಂದು ನಂಬರ್ 2 ಗಂಟೆ ಕಾಲಂಗೂ ಹಾಕಿಬಿಡು. ಮಲಗಿದವರನ್ನು ಎಬ್ಬಿಸಿ ಏನು ಮಾಡ್ತೀಯ?" ಮೊದಮೊದಲು ಬರೆಯುವಾಗ ಕೈ ನಡುಗುತ್ತಿತ್ತು. ಆಮೇಲೆ ರೂಢಿಯಾಯ್ತು. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೆ ನಿಜ ಅದೇ.

ಕಳೆದ ವಾರ 9ನೇ ಬೆಡ್ಡಿಗೆ ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ಬಂದರು. ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಆಪರೇಷನ್ ಥಿಯೇಟರಿಗೆ ಕಳಿಸುವ ಮುಂಚೆ ಕೊರಳಿನ ಮಣಿಸರ ಎಲ್ಲಾ ತೆಗೆಯಬೇಕಲ್ಲ, ಅಜ್ಜಿ ಒಪ್ಪಲೇ ಇಲ್ಲ. ಆಯಾ ಬಂದು ಕತ್ತರಿ ತರಲಾ ಅಂದಳು. ನಾನು ಬೇಡ ಅಂದೆ. ಪಕ್ಕದಲ್ಲೇ ಕೂತು ಒಂದೊಂದೇ ಸರ ಬಿಡಿಸಿದೆ. ಅಜ್ಜಿಯ ಕಣ್ಣೆದುರೇ ಎಣಿಸಿದೆ. 31 ಸರ. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಸೊಸೆಯ ಕೈಗೆ ಕೊಟ್ಟೆ. ಅಲ್ಲಿಂದ ಮುಂದೆ ಅಜ್ಜಿಗೆ ಏನೇ ಬೇಕಿದ್ದರೂ "ತಂಗೀ" ಅಂತ ನನ್ನನ್ನೇ ಕರೆಯುತ್ತಿದ್ದರು.

ಬೆಳಿಗ್ಗೆ ಆಪರೇಷನ್ ಆಯ್ತು. ರಾತ್ರಿ 10ಕ್ಕೆ ಬಿಪಿ 124/80, ಪಲ್ಸ್ 84. ಅಷ್ಟರಲ್ಲಿ ಹೆರಿಗೆ ಕೇಸ್ ಬಂತು, ಜೊತೆಯವರು ಹೋದರು. ನಾನು 11ಕ್ಕೇ ಅಜ್ಜಿಯ 2 ಗಂಟೆ ಕಾಲಂಗೆ 120/80, 82 ಅಂತ ತುಂಬಿಟ್ಟೆ.

ಮೂರೂವರೆಗೆ ಪಕ್ಕದ ಬೆಡ್ಡಿನ ಡ್ರಿಪ್ ಬದಲಿಸಲು ಹೋದಾಗ ಅಜ್ಜಿ "ತಂಗೀ, ನೀರು" ಅಂದರು. ನೀರು ಕುಡಿಸುವಾಗ ಅವರ ಕೈ ನನ್ನ ಕೈಗೆ ತಾಗಿತು. ತಣ್ಣಗಿತ್ತು, ಬೆವರಿತ್ತು. ಪಲ್ಸ್ ನೋಡಿದರೆ 122. ಬಿಪಿ 90/60. ಡ್ರೆಸಿಂಗ್ ಮೇಲಿಂದ ಅಷ್ಟೇನೂ ಕಾಣಲಿಲ್ಲ. ತೊಡೆಯ ಅಡಿಗೆ ಕೈ ಹಾಕಿದೆ. ಕೆಳಗಿನ ರಬ್ಬರ್ ಶೀಟಿನ ಮೇಲೆ ರಕ್ತ ಮಡುಗಟ್ಟಿತ್ತು.

ಡಾಕ್ಟರ್ ಓಡಿ ಬಂದರು, ರಕ್ತ ಕೊಟ್ಟರು, ಬೆಳಗಾಗುವಷ್ಟರಲ್ಲಿ ಅಜ್ಜಿ ಸುಧಾರಿಸಿದರು. ಆದರೆ ಡಾಕ್ಟರ್ ಚಾರ್ಟ್ ತಿರುಗಿಸಿ, "2 ಗಂಟೆಗೆ ಸರಿ ಇತ್ತಲ್ಲ, ಹಾಗಾದರೆ ಒಂದೂವರೆ ತಾಸಿನಲ್ಲೇ ಇಷ್ಟೂ ಹೋಗಿದೆ" ಅಂದರು. ನಾನು ಬಾಯಿ ಬಿಡಲಿಲ್ಲ. ನಾನು ಸುಮ್ನೆ ಗೀಚಿದ ನಂಬರ್ ನಂಬಿ ಅವರು ಲೆಕ್ಕ ಹಾಕುತ್ತಿದ್ದರು.

ಮರುದಿನ ಸೊಸೆ ಒಂದು ಕಟ್ಟು ಬಸಳೆ ತಂದು ಕೈಗಿಟ್ಟು, "ನೀ ಇಲ್ದಿದ್ರೆ ನಮ್ಮತ್ತೆ ಉಳೀತಿರಲಿಲ್ಲ" ಅಂದಳು. ಆ ಬಸಳೆಯನ್ನು ಅಡುಗೆ ಮಾಡಲು ನನ್ನಿಂದ ಆಗಲಿಲ್ಲ.

ಸೀನಿಯರ್ ಹೇಳುವುದು, ಅಜ್ಜಿ ಹುಷಾರಾದರಲ್ಲ, ಬಿಟ್ಟುಬಿಡು ಅಂತ. ನಾನು ಯಾರಿಗೆ ಹೇಳಲಿ? ಚಾರ್ಟನ್ನು ಈಗ ತಿದ್ದಬಹುದಾ?

ಶಿರಸಿಯ ನಿವೃತ್ತ ಸಿಸ್ಟರ್:

ತಂಗೀ, ನಾನು ಸರ್ಕಾರಿ ಆಸ್ಪತ್ರೆಯಲ್ಲಿ 34 ವರ್ಷ ದುಡಿದವಳು. ಮೊದಲ ಮಾತು: ಚಾರ್ಟಿಗೆ ವೈಟ್ನರ್ ಹಚ್ಚಬೇಡ, ಹಾಳೆ ಬದಲಿಸಬೇಡ. ಒಂದು ಸುಳ್ಳಿನ ಮೇಲೆ ಇನ್ನೊಂದು ಕೂತಂತಾಗುತ್ತದೆ. ಮೊದಲು ಡಾಕ್ಟರಿಗೆ ಬಾಯಲ್ಲಿ ಹೇಳು. ಆಮೇಲೆ ನರ್ಸಸ್ ನೋಟ್ಸಿನಲ್ಲಿ, ಬರೆಯುವ ದಿನದ್ದೇ ತಾರೀಕು, ಗಂಟೆ ಹಾಕಿ, "ಆ ರಾತ್ರಿ 2 ಗಂಟೆಯ ಬಿಪಿ, ಪಲ್ಸ್ ನೋಡಿರಲಿಲ್ಲ" ಅಂತ ಬರೆದು ಸಹಿ ಮಾಡು. ಹಳೆಯ ನಂಬರ್ ಕಾಣುವ ಹಾಗೇ ಇರಲಿ.

ರಕ್ತ ಹೋಗುವಾಗ ಮೊದಲು ಏರುವುದು ಪಲ್ಸ್. ಬಿಪಿ ಬೀಳುವುದು ಆಮೇಲೆ. 2 ಗಂಟೆಗೆ ನಿಜವಾಗಿ ಕೈ ಹಿಡಿದಿದ್ದರೆ ಬಹುಶಃ ಆಗಲೇ ಗೊತ್ತಾಗುತ್ತಿತ್ತು. ಬೈಯಲು ಹೇಳುತ್ತಿಲ್ಲ. ಆ ಕಾಲಂ ಯಾಕಿದೆ ಅಂತ ನಿನಗೆ ಈಗ ನನಗಿಂತ ಚೆನ್ನಾಗಿ ಗೊತ್ತು.

ನಮ್ಮ ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ ನೆನಪಾಗುತ್ತಾರೆ. ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಅವರ ಮೇಲೆ ಹಲ್ಲೆಯಾಯಿತು. ಅಲ್ಲಿಂದ 2015ರ ಮೇ 18ರಂದು ತೀರಿಕೊಳ್ಳುವ ತನಕ ಹಾಸಿಗೆಯಲ್ಲೇ ಇದ್ದರು. ಸುಮಾರು 42 ವರ್ಷ! ಅಲ್ಲಿಯ ಸಿಸ್ಟರ್‌ಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು, ಮೈಗೆ ಬೆಡ್‌ಸೋರ್ (ಮಲಗಿ ಮಲಗಿ ಆಗುವ ಹುಣ್ಣು) ಆಗಲು ಬಿಡಲಿಲ್ಲ. ಅರುಣಾ ಅವರ ದಯಾಮರಣದ ಅರ್ಜಿಯ ಮೇಲಿನ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಆ ಸಿಸ್ಟರ್‌ಗಳ ಸೇವೆಯನ್ನು ಹೊಗಳಿದೆ. ಮಲಗಿದವರನ್ನು ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸದೇ "ಬದಲಿಸಿದೆ" ಅಂತ ಬರೆದರೆ ಹಾಳೆ ಒಪ್ಪೀತು, ಚರ್ಮ ಒಪ್ಪುವುದಿಲ್ಲ ತಂಗೀ. ಅರುಣಾ ಅವರಿಗೆ ಏನನ್ನೂ ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. ನಿನ್ನ ಅಜ್ಜಿಗೆ ನೀರು ಕೇಳುವಷ್ಟಾದರೂ ಶಕ್ತಿ ಇತ್ತು.

ಕುಮಟಾ ಹುಡುಗಿ:

ಅಕ್ಕ ಹೇಳಿದ್ದು ಸರಿ. ಆದರೆ ಸರ್ಕಾರಿ ಕೆಲಸ ಬೇರೆ, ನಮ್ಮದು ಬೇರೆ. ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮ್ಯಾನೇಜ್‌ಮೆಂಟ್ ಹತ್ತಿರವೇ ಇದೆ, ಎರಡು ವರ್ಷದ ಬಾಂಡ್ ಬೇರೆ. ನಾಳೆ ಕೆಲಸದಿಂದ ತೆಗೆದರೆ ಮನೆ ಸಾಲ ಯಾರು ಕಟ್ಟುತ್ತಾರೆ? ಹೇಳಬೇಡ ಅನ್ನುತ್ತಿಲ್ಲ. ಹೇಳುವ ಮುಂಚೆ ಆ ದಿನದ ಡ್ಯೂಟಿ ಲಿಸ್ಟಿನ ಫೋಟೋ ತೆಗೆದಿಟ್ಟುಕೋ. 24 ಜನಕ್ಕೆ ನೀನೊಬ್ಬಳೇ ಇದ್ದೆ ಅನ್ನುವುದೂ ನಿಜ ಅಲ್ವಾ? ಆದರೆ ರೋಗಿಗಳ ಹೆಸರಿರುವ ಯಾವ ಹಾಳೆಯ ಫೋಟೋವೂ ಬೇಡ. ಅದು ಅವರ ಗುಟ್ಟು, ನಮ್ಮದಲ್ಲ.

ನರ್ಸಿಂಗ್ ಪಾಠ ಹೇಳುವವರು, ಕಾರವಾರ:

ಕುಮಟಾದ ತಂಗಿ ಹೇಳಿದ್ದರಲ್ಲೇ ದೊಡ್ಡ ವಿಷಯ ಇದೆ. ನಾವು ಕ್ಲಾಸಿನಲ್ಲಿ ನೀತಿಸಂಹಿತೆ ಓದಿಸುತ್ತೇವೆ. ಇಂಟರ್‌ನ್ಯಾಷನಲ್ ಕೌನ್ಸಿಲ್ ಆಫ್ ನರ್ಸಸ್ 1953ರಲ್ಲಿ ಮಾಡಿದ್ದು, 2021ರಲ್ಲಿ ಮತ್ತೆ ಪರಿಷ್ಕರಿಸಿದ್ದು. ಭಾರತೀಯ ನರ್ಸಿಂಗ್ ಕೌನ್ಸಿಲ್‌ನದೂ ಒಂದಿದೆ. ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ರಾತ್ರಿ 2 ಗಂಟೆಗೆ ಅದು ಹೇಗೆ ಕಾಣುತ್ತದೆ ಅಂತ ನಾವು ಹೇಳಿಕೊಡುವುದು ಕಡಿಮೆ. ಅದು ನಮ್ಮ ತಪ್ಪು.

ಒಂದು ವಿಷಯ ಯೋಚನೆ ಮಾಡಿ. ತಿಂಗಳುಗಟ್ಟಲೆ ಪ್ರತಿ ಕಾಲಂ ತುಂಬಿದ್ದರೆ, ಮ್ಯಾನೇಜ್‌ಮೆಂಟ್ ಏನು ಹೇಳುತ್ತದೆ? "ಇಬ್ಬರೇ ಇದ್ದರೂ ಎಲ್ಲಾ ಕೆಲಸ ಆಗ್ತಿದೆಯಲ್ಲ, ಮೂರನೆಯವರು ಯಾಕೆ?" ಅನ್ನುತ್ತದೆ. ನಮ್ಮ ಕೈಬರಹವೇ ನಮ್ಮ ವಿರುದ್ಧ ಸಾಕ್ಷಿ. ಖಾಲಿ ಬಿಟ್ಟು, ಪಕ್ಕದಲ್ಲಿ "ನೋಡಲಾಗಲಿಲ್ಲ, ಜೊತೆಯ ಸಿಸ್ಟರ್ ಹೆರಿಗೆ ಕೋಣೆಯಲ್ಲಿ" ಅಂತ ಬರೆಯಿರಿ. ಮುಂದಿನ ಪಾಳಿಯವರಿಗೆ ಹ್ಯಾಂಡ್‌ಓವರ್ ಕೊಡುವಾಗಲೂ ಅದನ್ನೇ ಹೇಳಿ. ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ನಾವು ದೀಪ ಹಿಡಿದವರು ಅಂತಷ್ಟೇ ನೆನೆಯುತ್ತೇವೆ. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ಕಾಯಿಲೆಯಿಂದ ಸತ್ತ ಸೈನಿಕರೇ ಜಾಸ್ತಿ ಅಂತ 1858ರಲ್ಲಿ ಅವರು ಅಂಕಿಗಳನ್ನು ಚಿತ್ರ ಬರೆದು ತೋರಿಸಿದರು. ಆ ಅಂಕಿಗಳೇ ಸುಳ್ಳಾಗಿದ್ದರೆ ಸರ್ಕಾರದ ಮುಂದೆ ಇಡಲು ಅವರ ಹತ್ತಿರ ಏನಿರುತ್ತಿತ್ತು?

ಇನ್ನೊಂದು. ಯಾರನ್ನು ಮೊದಲು ನೋಡಬೇಕು ಅಂತ ಆರಿಸುವುದು ತಪ್ಪಲ್ಲ. 24 ಜನರಲ್ಲಿ ಅವತ್ತೇ ಆಪರೇಷನ್ ಆದವರ ಹತ್ತಿರ ಮೊದಲು ಹೋಗಿ.

ನೈಟ್ ಡ್ಯೂಟಿ ತಂಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಡಾಕ್ಟರಿಗೆ ಹೇಳಿದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಸ್ ಶೀಟ್ ತೆಗೆದು, "ಇಲ್ಲಿ ಬರಿ" ಅಂದರು. ಶಿರಸಿಯ ಅಕ್ಕ ಹೇಳಿದ ಹಾಗೇ ಬರೆದು ಸಹಿ ಮಾಡಿದೆ. ಮೇಲಿನವರು ಏನು ಮಾಡುತ್ತಾರೋ ಇನ್ನೂ ಗೊತ್ತಿಲ್ಲ. ಸೀನಿಯರ್ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಡಾಕ್ಟರ್ ಎದುರಿಗೇ ಸೊಸೆಗೂ ಹೇಳಿದೆ. ಆ ರಾತ್ರಿ 2 ಗಂಟೆಗೆ ನಾನು ನೋಡಲೇ ಇಲ್ಲ, ನೋಡಿದೆ ಅಂತ ಬರೆದಿದ್ದೆ ಅಂದೆ. ಅವಳು ನನ್ನ ಮುಖ ನೋಡುತ್ತಾ ನಿಂತಳು. "ಅತ್ತೆಗೆ ಹೇಳಬೇಡ, ನಿನ್ನ ಮೇಲೆ ಜೀವ ಇಟ್ಟಿದೆ" ಅಂದಳು. ಅದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ಬೇರೆಯವರ ಬಾಯಿಂದ ತಿಳಿಯುವ ಮೊದಲು ಅಜ್ಜಿಗೆ ನಾನೇ ಹೇಳಬೇಕು ಅಂತ ಮಾಡಿದ್ದೇನೆ. ಸೋಮವಾರ ಡಿಸ್ಚಾರ್ಜ್. ಮಣಿಸರ ಎಲ್ಲಾ ಮತ್ತೆ ಹಾಕಬೇಕು, ಹಾಕುವಾಗ ಹೇಳುತ್ತೇನೆ.

ಇವತ್ತು ರಾತ್ರಿ ಮತ್ತೆ ಡ್ಯೂಟಿ. ಆಪರೇಷನ್ ಆದವರು ಮೂರು ಜನ ಇದ್ದಾರೆ. ಮೊಬೈಲಿನಲ್ಲಿ 2 ಗಂಟೆಗೆ ಅಲಾರಂ ಇಟ್ಟಿದ್ದೇನೆ.